ಇನ್ಸುಲಿನ್ ಕೊಟ್ಟ ಬ್ಯಾಂಟಿಂಗ್

ನಾನು ಕಲಾ ವಿಭಾಗದ ವಿದ್ಯಾರ್ಥಿ. ವೈದ್ಯಶಾಸ್ತ್ರದ ಗಂಧಗಾಳಿಯೂ ನನಗಿಲ್ಲ. ಆದರೂ ಈ ಸಂಚಿಕೆಗೆ ಒಬ್ಬ ವೈದ್ಯನ ಬಾಳನ್ನು ಕುರಿತು ಬರೆಯಹೊರಟಿದ್ದೇನೆ. ಅದಕ್ಕೆ ಕಾರಣ ಒಂದು ಬೆಕ್ಕು. ಓದುಗ ಮಿತ್ರರು ನಗದೆ ಮುಂದೆ ಓದಬೇಕೆಂದು ಪ್ರಾರ್ಥನೆ.

ನಾನಿರುವುದು ನಿವೃತ್ತ ಉಪಾಧ್ಯಾಯಿನಿಯೊಬ್ಬರ ಮನೆಯ ಹೊರಕೋಣೆಯಲ್ಲಿ. ಬೀದಿಯವರೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಾರೆ. ಅವರ ಗಂಡುಬೆಕ್ಕಿನ ಹೆಸರು ಗುಂಡ. ಹೆಸರಿಗೆ ತಕ್ಕ ಮೈ. ಕಳೆದ ವರ್ಷ ಅದು ಇಟ್ಟ ನೀರನ್ನೆಲ್ಲ ಕುಡಿಯತೊಡಗಿತು. ಎಷ್ಟು ತಿಂದರೂ ದಿನದಿನಕ್ಕೆ ಸೊರಗಿತು. ಪಶುವೈದ್ಯರು ರಕ್ತ ಪರೀಕ್ಷಿಸಿ ಸಕ್ಕರೆ ಕಾಯಿಲೆಯೆಂದರು. ಬೆಕ್ಕಿಗೂ ಈ ಕಾಯಿಲೆ ಬರುತ್ತದೆಂದು ನನಗೆ ತಿಳಿದುದು ಅಂದೇ. ಹನ್ನೆರಡು ಗಂಟೆಗೊಮ್ಮೆ, ಆಹಾರ ತಿಂದ ಮೇಲೆ, 2 ಯೂನಿಟ್ ಇನ್ಸುಲಿನ್ ಕೊಡಬೇಕೆಂದು ಅಪ್ಪಣೆಯಾಯಿತು. ಟೀಚರಮ್ಮನವರ ಕೈ ನಡುಗುತ್ತದೆ. ಆದುದರಿಂದ ಸೂಜಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಕೋಣೆಯ ಬಾಡಿಗೆ ಅರ್ಧಕ್ಕಿಳಿಯಿತು. ಬೆಳಗು ಬೈಗು ಆ ಪುಟ್ಟ ಸೀಸೆಯನ್ನು ನೋಡಿ ನೋಡಿ, ಇದನ್ನು ಮೊದಲು ತೆಗೆದವರಾರು ಎಂಬ ಕುತೂಹಲ ಹುಟ್ಟಿತು. ಹುಡುಕಿದಾಗ ಸಿಕ್ಕ ಮನುಷ್ಯನೇ ಫ್ರೆಡರಿಕ್ ಬ್ಯಾಂಟಿಂಗ್.

ಬ್ಯಾಂಟಿಂಗನು ಹುಟ್ಟಿದುದು 1891ರ ನವೆಂಬರ್ 14ರಂದು, ಕೆನಡಾ ದೇಶದ ಆಂಟೇರಿಯೋ ಪ್ರಾಂತದ ಅಲಿಸ್ಟನ್ ಎಂಬ ಊರಿನ ಬಳಿ. ತಂದೆ ರೈತ. ಓದಿನಲ್ಲಿ ಹುಡುಗ ಚುರುಕೆನಿಸಿಕೊಂಡವನಲ್ಲ. 1910ರಲ್ಲಿ ಟೊರಾಂಟೋ ನಗರದ ವಿಕ್ಟೋರಿಯಾ ಕಾಲೇಜಿಗೆ ಸೇರಿದನು. ಸೇರಿದುದು ಯಾವ ವಿಭಾಗಕ್ಕೆ? ನಮ್ಮಂತೆಯೇ ಕಲಾ ವಿಭಾಗಕ್ಕೆ! ಮೊದಲ ವರ್ಷವೇ ಅನುತ್ತೀರ್ಣನಾದನು. ಈ ವಾಕ್ಯವನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೊದಲ ವರ್ಷದ ಅರ್ಥಶಾಸ್ತ್ರದಲ್ಲಿ ನಾನೂ ನಪಾಸಾಗಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನಪಾಸಾದರೆ ಮತ್ತೆ ಕಟ್ಟಬಹುದೆಂಬುದು ಕೂಡ ಅಪ್ಪನಿಗೆ ತಿಳಿಯದು. ಎತ್ತು ಮಾರಿ ಕಟ್ಟಿದ ಶುಲ್ಕ ಮಣ್ಣುಪಾಲಾಯಿತೆಂದೇ ಅವರು ತಿಳಿದಿದ್ದರು.

ಬ್ಯಾಂಟಿಂಗನು ಊರಿಗೆ ಮರಳಿ ನೇಗಿಲು ಹಿಡಿಯಲಿಲ್ಲ. 1912ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದನು. ಮೊದಲ ಮಹಾಯುದ್ಧದ ಕಾಲವಾದುದರಿಂದ 1916ರಲ್ಲಿ ಪದವಿ ದೊರೆತ ಕೂಡಲೇ ಸೈನ್ಯದ ವೈದ್ಯನಾಗಿ ಹೊರಟನು. 1918ರಲ್ಲಿ ಫ್ರಾನ್ಸಿನ ಕಾಂಬ್ರೆಯ ಬಳಿ ಗಾಯಗೊಂಡನು. ಶೌರ್ಯಕ್ಕಾಗಿ ಪದಕ ಪಡೆದನು. ತಾಯ್ನಾಡಿಗೆ ಬಂದು 1920ರಲ್ಲಿ ಆಂಟೇರಿಯೋದ ಲಂಡನ್ ಪಟ್ಟಣದಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದರೆ ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಸಂಪಾದನೆ 4 ಡಾಲರು ಮಾತ್ರ. ಹೊಟ್ಟೆಪಾಡಿಗಾಗಿ ಅಲ್ಲಿನ ವೈದ್ಯಕೀಯ ಶಾಲೆಯಲ್ಲಿ ಪಾಠ ಹೇಳುವ ಸಣ್ಣ ಕೆಲಸ ಹಿಡಿದನು.

ಆ ಪಾಠದ ಸಿದ್ಧತೆಗೆಂದೇ 1920ರ ಅಕ್ಟೋಬರ್ ಕೊನೆಯ ರಾತ್ರಿ ಮೇದೋಜೀರಕ ಗ್ರಂಥಿಯ ವಿಷಯವಾದ ಲೇಖನವೊಂದನ್ನು ಓದಿದನು. ಈ ಗ್ರಂಥಿಯನ್ನು ಕಿತ್ತರೆ ನಾಯಿಗೆ ಸಕ್ಕರೆ ಕಾಯಿಲೆ ಬರುವುದೆಂದು 1889ರಲ್ಲೇ ಗೊತ್ತಾಗಿತ್ತು. ಗ್ರಂಥಿಯೊಳಗಿನ ಸತ್ವವನ್ನು ಕೆಡದಂತೆ ಹೊರತೆಗೆಯುವುದು ಮಾತ್ರ ಯಾರಿಗೂ ಸರಿಯಾಗಿ ಕೈಗೂಡಿರಲಿಲ್ಲ. ಗ್ರಂಥಿಯ ನಾಳವನ್ನು ಕಟ್ಟಿ, ಜೀರ್ಣರಸ ಮಾಡುವ ಭಾಗ ಬಾಡಿದ ಮೇಲೆ ಉಳಿದುದರಿಂದ ಸತ್ವ ತೆಗೆಯಬಹುದಲ್ಲವೇ ಎಂದು ಆ ರಾತ್ರಿ ಅವನಿಗೆ ಹೊಳೆಯಿತು. ಆ ಕಾಲದಲ್ಲಿ ಈ ಕಾಯಿಲೆ ಬಂದ ಮಕ್ಕಳಿಗಿದ್ದ ಚಿಕಿತ್ಸೆಯೆಂದರೆ ಉಪವಾಸ. ಅನ್ನ ಕಡಿಮೆ ಮಾಡಿ ಕೆಲವು ತಿಂಗಳು ಹೆಚ್ಚಾಗಿ ಬದುಕಿಸುತ್ತಿದ್ದರು, ಅಷ್ಟೇ.

ಟೊರಾಂಟೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮೆಕ್ಲಿಯಡ್ ಮೊದಲು ಅಷ್ಟಾಗಿ ನಂಬದಿದ್ದರೂ ಪ್ರಯೋಗಶಾಲೆಯನ್ನೂ ನಾಯಿಗಳನ್ನೂ ಒದಗಿಸಿದನು. ಚಾರ್ಲ್ಸ್ ಬೆಸ್ಟ್ ಎಂಬ ಕಿರಿಯ ಸಹಾಯಕನನ್ನೂ ಕೊಟ್ಟನು. 1921ರ ಮೇ ತಿಂಗಳಲ್ಲಿ ಕೆಲಸ ಆರಂಭವಾಯಿತು. ಬ್ಯಾಂಟಿಂಗನು ಶಸ್ತ್ರಕ್ರಿಯೆ ಮಾಡುವುದು, ಬೆಸ್ಟನು ರಕ್ತದ ಸಕ್ಕರೆಯನ್ನು ಅಳೆಯುವುದು. ಅನೇಕ ನಾಯಿಗಳು ಸತ್ತವು. ಗ್ರಂಥಿ ಕಳೆದುಕೊಂಡ ಮಾರ್ಜರಿ ಎಂಬ ನಾಯಿ ಮಾತ್ರ ಸತ್ವದ ಬಲದಿಂದ ಸುಮಾರು ಎಪ್ಪತ್ತು ದಿನ ಬದುಕಿತು. ನಾಳ ಕಟ್ಟುವ ಅಗತ್ಯವೇ ಇರಲಿಲ್ಲವೆಂದೂ, ದನದ ಗ್ರಂಥಿಯಿಂದ ಮದ್ಯಸಾರದಲ್ಲಿ ನೇರವಾಗಿ ಸತ್ವ ತೆಗೆಯಬಹುದೆಂದೂ ಆಮೇಲೆ ತಿಳಿಯಿತು. ಅವನಿಗೆ ಹೊಳೆದ ದಾರಿ ಪೂರ್ತಿ ಸರಿಯಾಗಿರಲಿಲ್ಲ. ಆದರೆ ಆ ದಾರಿಯಲ್ಲಿ ನಡೆಯದಿದ್ದರೆ ಊರು ಸಿಕ್ಕುತ್ತಿರಲಿಲ್ಲ.

1922ರ ಜನವರಿ 11ರಂದು ಟೊರಾಂಟೋ ಆಸ್ಪತ್ರೆಯಲ್ಲಿ ಸಾವಿನಂಚಿನಲ್ಲಿದ್ದ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಆ ಸತ್ವವನ್ನು ಚುಚ್ಚಿದರು. ಕಲ್ಮಷವಿದ್ದುದರಿಂದ ಗುಣ ಕಾಣಲಿಲ್ಲ, ಚುಚ್ಚಿದಲ್ಲಿ ಕೀವುಗಟ್ಟಿತು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಹಗಲಿರುಳು ದುಡಿದು ಅದನ್ನು ಶುದ್ಧಿಗೊಳಿಸಿದನು. ಜನವರಿ 23ರಂದು ಮತ್ತೆ ಕೊಟ್ಟಾಗ 520 ಇದ್ದ ರಕ್ತದ ಸಕ್ಕರೆ 120ಕ್ಕೆ ಇಳಿಯಿತು. ಹುಡುಗ ಎದ್ದು ಕುಳಿತನು. ಮುಂದೆ ಹದಿಮೂರು ವರ್ಷ ಬದುಕಿದನು.

ಇದೇ ಕಾಲಿಪನು ಸತ್ವದ ಶಕ್ತಿಯನ್ನು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದನು. ಅಳತೆ ಹೆಚ್ಚಾದಾಗ ಸಕ್ಕರೆ ಅತಿಯಾಗಿ ಇಳಿದು ಮೊಲಗಳು ಒದ್ದಾಡಿ ಸೆಟೆದುಕೊಂಡವು. ಗ್ಲೂಕೋಸ್ ಕೊಟ್ಟರೆ ಚೇತರಿಸಿಕೊಂಡವು. ಕಾಯುವ ಮದ್ದೇ ಕೊಲ್ಲಲೂ ಬಲ್ಲುದೆಂಬ ಈ ಪಾಠವನ್ನು ನಾನು ಓದಿ ಕಲಿಯಲಿಲ್ಲ, ಅನುಭವಿಸಿ ಕಲಿತೆ.

ಟೀಚರಮ್ಮನವರು ಮಗಳ ಊರಿಗೆ ಹೋಗಿದ್ದ ದಿನಗಳು. ಸೂಜಿಗಳು ಮುಗಿದಿದ್ದವು. ಅಂಗಡಿಯಿಂದ ಬೇರೆ ತಂದೆ. ಗುಂಡನ ಇನ್ಸುಲಿನ್ ಒಂದು ಮಿಲಿಲೀಟರಿಗೆ 100 ಯೂನಿಟ್ಟಿನದು. ನಾನು ತಂದ ಸೂಜಿಯಾದರೋ 40ರ ಅಳತೆಯದು. ಅದರ 2ರ ಗೆರೆಗೆ ತುಂಬಿದಾಗ ಒಳಹೋದುದು 2 ಯೂನಿಟ್ ಅಲ್ಲ, 5 ಯೂನಿಟ್! ಪೊಟ್ಟಣದ ಮೇಲಿನ ಅಕ್ಷರವನ್ನು ನೋಡಿದುದು ಚುಚ್ಚಿಯಾದ ಮೇಲೆ. ಪಶುವೈದ್ಯರಿಗೆ ಫೋನ್ ಮಾಡಿ ಅಳುದನಿಯಲ್ಲಿ ತಪ್ಪೊಪ್ಪಿಕೊಂಡೆ. ಆಹಾರ ಮತ್ತೆ ಮತ್ತೆ ಕೊಡು, ಗಂಟೆಗಂಟೆಗೂ ಕಿವಿಯಂಚಿನ ರಕ್ತ ನೋಡು, ತೂರಾಡಿದರೆ ಒಸಡಿಗೆ ಜೇನು ಸವರು, ತಾನು ಹೇಳುವವರೆಗೂ ಮುಂದಿನ ಚುಚ್ಚುಮದ್ದು ಬೇಡ ಎಂದರು. ರಾತ್ರಿ ಹನ್ನೊಂದಕ್ಕೆ ಯಂತ್ರ 46 ತೋರಿಸಿತು. ಗುಂಡ ಹಿಂಗಾಲು ಸೋತು ಗೋಡೆಗೊರಗಿತ್ತು. ಬೆರಳಿನಿಂದ ಜೇನು ಸವರುತ್ತ ಕುಳಿತೆ. ಮರುದಿನ ಕಿರುಪರೀಕ್ಷೆಯಿತ್ತು, ಪುಸ್ತಕ ಬಿಚ್ಚಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಸಕ್ಕರೆ 110 ಮುಟ್ಟಿತು. ಗುಂಡ ಎದ್ದು ಬಟ್ಟಲಿನ ಕಡೆಗೆ ನಡೆಯಿತು.

ಬ್ಯಾಂಟಿಂಗನ ಕಥೆಗೆ ಮರಳುತ್ತೇನೆ. ಅವನು ದೇವತಾಪುರುಷನೇನಲ್ಲ. ಮುಂಗೋಪಿ, ಸಂಶಯದವನು. ಕೀರ್ತಿ ಯಾರದೆಂಬ ಬಗ್ಗೆ ಕಾಲಿಪನೊಡನೆಯೂ ಮೆಕ್ಲಿಯಡನೊಡನೆಯೂ ಜಗಳವಾಡಿದನು. ರುಮೇನಿಯಾದ ಪೌಲೆಸ್ಕು ಎಂಬ ವಿದ್ವಾಂಸನೂ 1921ರಲ್ಲಿಯೇ ಇಂಥ ಸತ್ವದ ಬಗ್ಗೆ ಪ್ರಕಟಿಸಿದ್ದನೆಂಬುದನ್ನು ನಾವು ಮರೆಯಬಾರದು. ಆದರೆ ದುಡ್ಡಿನ ವಿಷಯದಲ್ಲಿ ಈ ಟೊರಾಂಟೋದವರ ನಡತೆ ಮೆಚ್ಚತಕ್ಕದ್ದು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಮ್ಮ ಹಕ್ಕನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. 1923ರಲ್ಲಿ ನೊಬೆಲ್ ಬಹುಮಾನ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಇಬ್ಬರಿಗೆ ಬಂದಾಗ, ಬೆಸ್ಟನನ್ನು ಬಿಟ್ಟರೆಂದು ಸಿಟ್ಟಾದ ಬ್ಯಾಂಟಿಂಗನು ತನ್ನ ಹಣದಲ್ಲಿ ಅರ್ಧವನ್ನು ಅವನಿಗೆ ಹಂಚಿದನು. ಮೆಕ್ಲಿಯಡನೂ ತನ್ನ ಪಾಲನ್ನು ಕಾಲಿಪನೊಡನೆ ಹಂಚಿಕೊಂಡನು.

ಮುಂದೆ ಬ್ಯಾಂಟಿಂಗನು ಬಿಡುವಿನಲ್ಲಿ ಹಿಮದ ಊರುಗಳ ಚಿತ್ರ ಬರೆದನು. 1934ರಲ್ಲಿ ಸರ್ ಪದವಿ ಪಡೆದನು. ಎರಡನೆಯ ಮಹಾಯುದ್ಧ ಬಂದಾಗ ವಿಮಾನ ಚಾಲಕರ ಆರೋಗ್ಯದ ಸಂಶೋಧನೆಯಲ್ಲಿ ತೊಡಗಿದನು. 1941ರ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಹೊರಟ ವಿಮಾನ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬಿದ್ದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಹುಟ್ಟುಹಬ್ಬದ ದಿನವೇ ಇಂದು ವಿಶ್ವ ಮಧುಮೇಹ ದಿನ. ನಾವು ಮಕ್ಕಳ ದಿನವೆಂದು ಆಚರಿಸುವುದೂ ಅದೇ ದಿನ.

ಟೀಚರಮ್ಮನವರು ಊರಿನಿಂದ ಬಂದ ಸಂಜೆ, ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಕೋಣೆ ಖಾಲಿ ಮಾಡಬೇಕಾಗಬಹುದೆಂದು ಹೆದರಿದ್ದೆ. ಅವರು ತುಸು ಹೊತ್ತು ಮಾತಾಡಲಿಲ್ಲ. ಅನಂತರ ಗಡಿಯಾರ ನೋಡಿ, ಗುಂಡನನ್ನೂ ಸರಿಯಾದ ಸೂಜಿಯನ್ನೂ ನನ್ನ ಮುಂದಿಟ್ಟರು. ಅರ್ಥಶಾಸ್ತ್ರವನ್ನು ಎರಡನೆಯ ಸಲ ಕಟ್ಟಿ ನಾನು ಪಾಸಾಗಿದ್ದೇನೆ. ಬೆಳಗಿನ ಆರೂವರೆಗೆ ಸೂಜಿಯ ಮೇಲಿನ ಅಂಕೆಯನ್ನೂ ಸೀಸೆಯ ಮೇಲಿನ ಅಂಕೆಯನ್ನೂ ಎರಡೆರಡು ಸಲ ಓದಿ, ಗುಂಡನ ಹೆಗಲಿನ ತೊಗಲನ್ನು ಮೆಲ್ಲನೆ ಎತ್ತುವಾಗಲೆಲ್ಲ, ಕಲಾ ವಿಭಾಗದಲ್ಲಿ ನಪಾಸಾದ ಆ ರೈತನ ಮಗನನ್ನು ಒಮ್ಮೆ ನೆನೆಯುತ್ತೇನೆ.