ಕಮ್ಮಾರನ ಮಗನ ಫಟಫಟಿ

ಮಕ್ಕಳೇ, ಮಂಡ್ಯ, ಮದ್ದೂರು, ಮಳವಳ್ಳಿಯ ಯಾವುದಾದರೂ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತು ನೋಡಿ. ಹಳೆಯ ಬೈಕಿಗೆ ಹೊಸ ಹ್ಯಾಂಡಲ್ ಹಾಕಿಸುವವರು, ಕಾರಿಗೆ ಅಗಲವಾದ ಚಕ್ರ ಬೇಕೆನ್ನುವವರು ಸಿಕ್ಕೇ ಸಿಗುತ್ತಾರೆ. ಕಾರ್ಖಾನೆಯಿಂದ ಬಂದ ವಾಹನ ಬಂದ ಹಾಗೆಯೇ ಇರುವುದು ಅವರಿಗೆ ಇಷ್ಟವಿಲ್ಲ. ಬಿಚ್ಚಬೇಕು, ಬದಲಿಸಬೇಕು. ಇಂಥ ಹವ್ಯಾಸಿಗಳು ಪ್ರಪಂಚದ ತುಂಬ ಇದ್ದಾರೆ. ಅವರಲ್ಲಿ ಬಹಳ ಜನರಿಗೆ ಜಪಾನಿನ ಹಳೆಯ ಕಾರುಗಳೆಂದರೆ ಪ್ರಾಣ. ಅಮೆರಿಕ, ಬ್ರಿಟನ್‌ಗಳಲ್ಲಿ ಅವನ್ನು ಹಡಗಿನಲ್ಲಿ ತರಿಸಿಕೊಂಡು, ಎಂಜಿನ್ ಬಿಚ್ಚಿ ಜೋಡಿಸಿ, ಮತ್ತಷ್ಟು ವೇಗವಾಗಿ ಓಡುವಂತೆ ಮಾಡುವವರಿದ್ದಾರೆ. ಅವರು ಮೆಚ್ಚುವ ಕಾರುಗಳಲ್ಲಿ ಹೋಂಡಾ ಸಿವಿಕ್ ಒಂದು.

ಈ ಹೋಂಡಾ ಎಂಬುದು ಒಬ್ಬ ಮನುಷ್ಯನ ಹೆಸರು, ಗೊತ್ತೇ? ಅವರಿಗೂ ಇದೇ ಹುಚ್ಚು ಇತ್ತು.

ಸೊಯಿಚಿರೊ ಹೋಂಡಾ ಹುಟ್ಟಿದ್ದು 1906ರ ನವೆಂಬರ್ 17ರಂದು, ಜಪಾನಿನ ಹಮಾಮತ್ಸು ನಗರದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಗಿಹೇ ಕಮ್ಮಾರರು. ಕುಲುಮೆಯ ಕೆಲಸದ ಜೊತೆಗೆ ಸೈಕಲ್ ರಿಪೇರಿಯನ್ನೂ ಮಾಡುತ್ತಿದ್ದರು. ತಾಯಿ ಮಿಕಾ ಬಟ್ಟೆ ನೇಯುತ್ತಿದ್ದರು. ತಿದಿಯ ಸದ್ದು, ಕಾದ ಕಬ್ಬಿಣದ ಕಿಡಿ, ಇವುಗಳ ನಡುವೆಯೇ ಹುಡುಗ ಬೆಳೆದ. ಒಂದು ದಿನ ಊರಿಗೆ ಮೊದಲ ಬಾರಿಗೆ ಮೋಟಾರು ಕಾರು ಬಂತು. ಸೊಯಿಚಿರೊ ಅದರ ಹಿಂದೆ ಓಡಿದ. ಕಾರು ನಿಂತಲ್ಲಿ ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿತ್ತು. ಬಗ್ಗಿ ಆ ಎಣ್ಣೆಯ ವಾಸನೆ ನೋಡಿದ. ಆ ವಾಸನೆಯನ್ನು ಕೊನೆಯವರೆಗೂ ಮರೆಯಲಿಲ್ಲವಂತೆ.

1917ರಲ್ಲಿ ಹಮಾಮತ್ಸುವಿಗೆ ಅಮೆರಿಕದ ವಿಮಾನ ಚಾಲಕನೊಬ್ಬ ಬಂದು ಆಕಾಶದಲ್ಲಿ ಕಸರತ್ತು ತೋರಿಸಿದ. ಸೊಯಿಚಿರೊವಿನ ಊರಿನಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರ್. ಮದ್ದೂರಿನಿಂದ ಮಂಡ್ಯಕ್ಕೆ ಇರುವಷ್ಟು ದೂರ ಅನ್ನಿ. ಹುಡುಗ ಮನೆಯಲ್ಲಿ ಹೇಳದೆ ಅಪ್ಪನ ಸೈಕಲ್ ತೆಗೆದುಕೊಂಡು ಹೊರಟ. ಸೀಟಿನ ಮೇಲೆ ಕುಳಿತರೆ ಕಾಲು ಎಟುಕುತ್ತಿರಲಿಲ್ಲ. ಅಡ್ಡ ಕಂಬಿಯ ಕೆಳಗಿನಿಂದ ಕಾಲು ತೂರಿಸಿ ತುಳಿದ. ನಿಮ್ಮಲ್ಲೂ ಕೆಲವರು ಹೀಗೇ ಸೈಕಲ್ ಕಲಿತಿರಬೇಕು! ಅಲ್ಲಿಗೆ ಹೋದರೆ ಟಿಕೆಟ್ಟಿಗೆ ಕಾಸು ಸಾಲಲಿಲ್ಲ. ಹತ್ತಿರದ ಮರ ಹತ್ತಿ ಕುಳಿತು ವಿಮಾನ ನೋಡಿದ.

ಶಾಲೆಯಲ್ಲಿ ಅವನು ಬುದ್ಧಿವಂತರ ಸಾಲಿನಲ್ಲಿ ಇರಲಿಲ್ಲ. ಅಂಕಪಟ್ಟಿಗೆ ಮನೆಯವರ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ಅಪ್ಪನಿಗೆ ತೋರಿಸುವ ಧೈರ್ಯವಿಲ್ಲ. ಸೈಕಲ್ ಪೆಡಲಿನ ರಬ್ಬರ್ ಕೆತ್ತಿ ತಾನೇ ಮೊಹರು ಮಾಡಿಕೊಂಡ. ಯಾರಿಗೂ ಗೊತ್ತಾಗಲಿಲ್ಲ. ಗೆಳೆಯರಿಗೂ ಮಾಡಿಕೊಟ್ಟ, ಆಗ ಸಿಕ್ಕಿಬಿದ್ದ. ಏಕೆ? ಮೊಹರಿನಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಬೇಕು, ಆಗ ಒತ್ತಿದ ಅಚ್ಚು ಸರಿಯಾಗಿ ಬರುತ್ತದೆ. ಇದು ಅವನಿಗೆ ಹೊಳೆದಿರಲಿಲ್ಲ. ಹೋಂಡಾ ಎಂದು ಬರೆಯುವ ಎರಡು ಜಪಾನಿ ಅಕ್ಷರಗಳ ಎಡಭಾಗ, ಬಲಭಾಗ ಒಂದೇ ಥರ ಇವೆ. ಹಾಗಾಗಿ ಅವನ ಮೊಹರು ಪಾರಾಯಿತು, ಗೆಳೆಯರದು ಉಲ್ಟಾ ಬಿತ್ತು. ಇಂಗ್ಲಿಷಿನ ಎ, ಎಚ್, ಎಂ, ಟಿ ದೊಡ್ಡಕ್ಷರಗಳನ್ನು ಬರೆದು ಕನ್ನಡಿಗೆ ಹಿಡಿಯಿರಿ. ಆಮೇಲೆ ಬಿ, ಆರ್ ಹಿಡಿಯಿರಿ. ಅವನು ಎಲ್ಲಿ ಎಡವಿದ ಎಂದು ತಿಳಿಯುತ್ತದೆ. (ಮೊಹರು ಮಾತ್ರ ಮಾಡಬೇಡಿ!)

1922ರಲ್ಲಿ ಶಾಲೆ ಮುಗಿಸಿ ಟೋಕಿಯೊದ ಆರ್ಟ್ ಶೋಕೈ ಎಂಬ ಕಾರು ರಿಪೇರಿ ಅಂಗಡಿಗೆ ಸೇರಿದ. ಮೊದಮೊದಲು ಅವನ ಕೈಗೆ ಸ್ಪ್ಯಾನರ್ ಬರಲಿಲ್ಲ, ಯಜಮಾನರ ಮಗು ಬಂತು. ಮಗುವನ್ನು ಎತ್ತಿಕೊಳ್ಳುವುದು, ಕಸ ಗುಡಿಸುವುದು, ಇಷ್ಟೇ ಕೆಲಸ. ಬಿಟ್ಟು ಹೋಗಲಿಲ್ಲ. 1923ರ ಸೆಪ್ಟೆಂಬರ್ 1ರಂದು ಟೋಕಿಯೊದಲ್ಲಿ ಭಾರೀ ಭೂಕಂಪವಾಗಿ ಊರಿಗೆ ಬೆಂಕಿ ಬಿತ್ತು. ಗಿರಾಕಿಗಳ ಕಾರುಗಳನ್ನು ಬೆಂಕಿಯಿಂದ ದೂರ ಸಾಗಿಸಬೇಕಿತ್ತು. ಅವನು ಮೊದಲ ಬಾರಿಗೆ ಸ್ಟಿಯರಿಂಗ್ ಹಿಡಿದು ಕಾರು ಓಡಿಸಿದ್ದು ಅವತ್ತೇ.

ಆ ಅಂಗಡಿಯಲ್ಲಿ ರೇಸಿನ ಕಾರೊಂದನ್ನು ಕಟ್ಟುತ್ತಿದ್ದರು. ವಿಮಾನದ ಹಳೆಯ ಎಂಜಿನ್ ತೆಗೆದು ಅಮೆರಿಕದ ಕಾರಿನ ಚೌಕಟ್ಟಿಗೆ ಕೂರಿಸಿದರು. ಸೊಯಿಚಿರೊ ಹಗಲಿರುಳು ಅದರಲ್ಲೇ ಮುಳುಗಿದ. 1924ರ ನವೆಂಬರಿನ ಸ್ಪರ್ಧೆಯಲ್ಲಿ ಆ ಕಾರು ಗೆದ್ದಿತು. ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ ಆಗಿ ಕುಳಿತಿದ್ದವನು ಅವನೇ.

1928ರಲ್ಲಿ ಊರಿಗೆ ಮರಳಿ ಹಮಾಮತ್ಸುವಿನಲ್ಲಿ ಅದೇ ಅಂಗಡಿಯ ಶಾಖೆ ತೆರೆದರು. ಆಗಿನ ಕಾರುಗಳ ಚಕ್ರಕ್ಕೆ ಮರದ ಕಡ್ಡಿಗಳಿರುತ್ತಿದ್ದವು, ನಮ್ಮ ಎತ್ತಿನ ಗಾಡಿಯ ಹಾಗೆ. ಇವರು ಎರಕದ ಕಬ್ಬಿಣದ ಕಡ್ಡಿ ಮಾಡಿ ಪೇಟೆಂಟ್ ಪಡೆದರು. ಫೋರ್ಡ್ ಎಂಜಿನ್ನಿನ ಕಾರನ್ನು ರೇಸಿಗೆ ಬದಲಿಸಿ ತಾವೇ ಓಡಿಸಿದರು. 1936ರ ಜೂನ್‌ನಲ್ಲಿ ಟೋಕಿಯೊ ಬಳಿಯ ರೇಸಿನಲ್ಲಿ ಅಡ್ಡಬಂದ ಇನ್ನೊಂದು ಕಾರಿಗೆ ಢಿಕ್ಕಿಯಾಗಿ ಕಾರು ಪಲ್ಟಿಯಾಯಿತು. ಅವರಿಗೆ ಗಾಯವಾಯಿತು. ಪಕ್ಕದಲ್ಲಿದ್ದ ತಮ್ಮ ಬೆಂಜಿರೊಗೆ ಇನ್ನೂ ಹೆಚ್ಚು ಪೆಟ್ಟಾಯಿತು. ವೇಗದ ಹುಚ್ಚಿಗೆ ಬೆಲೆ ತೆತ್ತವನು ತಮ್ಮ.

ಆಮೇಲೆ ಪಿಸ್ಟನ್ ರಿಂಗ್ ಮಾಡಲು ಹೊರಟರು. ಪಿಸ್ಟನ್ ರಿಂಗ್ ಎಂದರೇನು? ಸೈಕಲ್ ಪಂಪನ್ನು ಬಿಚ್ಚಿದರೆ ಒಳಗೆ ಚರ್ಮದ ವಾಷರ್ ಇರುತ್ತದೆ. ಅದು ಒಣಗಿ ಮುದುಡಿದರೆ ಎಷ್ಟು ಒತ್ತಿದರೂ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ಎಂಜಿನ್ನಿನ ಪಿಸ್ಟನ್ನಿಗೂ ಹೀಗೆ ಸೋರದಂತೆ ತಡೆಯುವ ಬಳೆಗಳು ಬೇಕು. ಆದರೆ ಅಲ್ಲಿ ಬೆಂಕಿಯ ಶಾಖ, ಚರ್ಮ ಸುಟ್ಟುಹೋಗುತ್ತದೆ. ಆದ್ದರಿಂದ ಕಬ್ಬಿಣದ ಬಳೆ. ಅದು ಸ್ಪ್ರಿಂಗಿನಂತೆ ಹೊರಕ್ಕೆ ಒತ್ತಿಕೊಂಡೇ ಇರಬೇಕು, ಮುರಿಯಬಾರದು, ಬೇಗ ಸವೆಯಲೂಬಾರದು.

ಹೋಂಡಾ ಮಾಡಿದ ಬಳೆಗಳು ಮುರಿದವು. ಎಷ್ಟು ರಾತ್ರಿ ನಿದ್ದೆಗೆಟ್ಟರೂ ಮುರಿದವು. ಕೊನೆಗೆ ಹಮಾಮತ್ಸುವಿನ ತಾಂತ್ರಿಕ ಶಾಲೆಯ ಮೇಷ್ಟರ ಬಳಿ ಹೋದಾಗ, ಲೋಹದಲ್ಲಿ ಸಿಲಿಕಾನ್ ಸಾಲದು ಎಂದು ತಿಳಿಯಿತು. ಕಮ್ಮಾರನ ಮಗನಿಗೆ ಅದೇ ಗೊತ್ತಿರಲಿಲ್ಲ! 30 ವರ್ಷದ ಹೋಂಡಾ ಆ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. ತಮಗೆ ಬೇಕಾದ ಪಾಠ ಕೇಳಿದರು, ಪರೀಕ್ಷೆ ಬರೆಯಲಿಲ್ಲ. ಶಾಲೆಯವರು ಸರ್ಟಿಫಿಕೇಟ್ ಕೊಡಲಿಲ್ಲ, ಅದು ನ್ಯಾಯವೇ. ರಿಂಗ್ ತಯಾರಾದ ಮೇಲೂ ಟೊಯೊಟಾ ಕಂಪನಿ 50ನ್ನು ಪರೀಕ್ಷಿಸಿದಾಗ ಪಾಸಾದದ್ದು 3 ಮಾತ್ರ. ಮತ್ತೆ ಕಲಿತರು, ಮತ್ತೆ ಮಾಡಿದರು, ಕಾರ್ಖಾನೆ ಬೆಳೆಯಿತು. ಬೆಂಗಳೂರಿಗೆ ಹೋಗುವಾಗ ಬಿಡದಿಯಲ್ಲಿ ಕಾಣುವುದು ಇದೇ ಟೊಯೊಟಾ ಕಂಪನಿಯ ಪಾಲಿರುವ ಕಾರ್ಖಾನೆ.

ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು, 1945ರ ಜನವರಿಯಲ್ಲಿ ಭೂಕಂಪವೂ ಆಗಿ ಎಲ್ಲವೂ ಹಾಳಾಯಿತು. ಹೋಂಡಾ ಉಳಿದದ್ದನ್ನು ಟೊಯೊಟಾಗೆ ಮಾರಿ ಒಂದು ವರ್ಷ ಸುಮ್ಮನೆ ಕುಳಿತರು.

ಸೋತ ಜಪಾನಿನಲ್ಲಿ ಆಗ ಬಸ್ಸಿಲ್ಲ, ಪೆಟ್ರೋಲಿಲ್ಲ, ಊಟಕ್ಕೂ ಕಷ್ಟ. ಜನ ಅಕ್ಕಿ ಹುಡುಕಿಕೊಂಡು ಸೈಕಲ್ಲಿನಲ್ಲಿ ಹಳ್ಳಿಗಳಿಗೆ ಹೋಗುತ್ತಿದ್ದರು. 1946ರಲ್ಲಿ ಹೋಂಡಾಗೆ ಗೆಳೆಯರ ಮನೆಯಲ್ಲಿ ಒಂದು ಪುಟ್ಟ ಎಂಜಿನ್ ಕಂಡಿತು. ಸೈನ್ಯದ ರೇಡಿಯೊಗಳಿಗೆ ವಿದ್ಯುತ್ ಕೊಡಲು ಮಾಡಿದ್ದು, ಈಗ ಬೇಡವಾಗಿತ್ತು. ಅದನ್ನು ಸೈಕಲ್ಲಿಗೆ ಕಟ್ಟಿಬಿಟ್ಟರು! ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬಿಡುವ ಡಬ್ಬಿಯೇ ಮೊದಲ ಪೆಟ್ರೋಲ್ ಟ್ಯಾಂಕ್. ಹೆಂಡತಿ ಸಾಚಿ ಅದನ್ನು ಊರಿನಲ್ಲಿ ಓಡಿಸಿ ನೋಡಿದರು. ಪೆಟ್ರೋಲಿಗೆ ಪೈನ್ ಮರದ ಎಣ್ಣೆ ಬೆರೆಸುತ್ತಿದ್ದರು. ಅದರ ಸದ್ದು ಕೇಳಿ ಜನ ಬಟಬಟ ಎಂದು ಹೆಸರಿಟ್ಟರು. ನಮ್ಮ ಹಿರಿಯರೂ ಮೋಟಾರ್ ಸೈಕಲ್ಲಿಗೆ ಫಟಫಟಿ ಎನ್ನುತ್ತಿದ್ದರಲ್ಲವೇ? ಕಿವಿ ಎಲ್ಲ ಕಡೆಯೂ ಒಂದೇ.

ಸುಮಾರು 500 ಎಂಜಿನ್‌ಗಳಿದ್ದವು, ಮುಗಿದುಹೋದವು. ಆಗ ತಾವೇ ಎಂಜಿನ್ ಮಾಡಿದರು. 1948ರ ಸೆಪ್ಟೆಂಬರಿನಲ್ಲಿ ಹೋಂಡಾ ಮೋಟಾರ್ ಕಂಪನಿ ಹುಟ್ಟಿತು. ಮರುವರ್ಷ ಬಂದ ಫುಜಿಸಾವಾ ಹಣಕಾಸು, ಮಾರಾಟ ನೋಡಿಕೊಂಡರು. 1958ರ ಸೂಪರ್ ಕಬ್ ಎಂಬ ಪುಟ್ಟ ಬೈಕ್ 2017ರ ಹೊತ್ತಿಗೆ 10 ಕೋಟಿ ದಾಟಿತು. 1961ರಲ್ಲಿ ಐಲ್ ಆಫ್ ಮ್ಯಾನ್ ರೇಸಿನಲ್ಲಿ ಗೆಲುವು, 1963ರಲ್ಲಿ ಮೊದಲ ಕಾರು.

ಆದರೆ ಒಂದು ವಿಷಯದಲ್ಲಿ ಹೋಂಡಾ ಹಟ ಹಿಡಿದರು. ಬೈಕಿನ ಎಂಜಿನ್ ಸುತ್ತ ತೆಳುವಾದ ಲೋಹದ ಮಡಿಕೆಗಳನ್ನು ನೋಡಿದ್ದೀರಲ್ಲ? ಅವು ಗಾಳಿಗೆ ಶಾಖ ಬಿಟ್ಟು ಎಂಜಿನ್ ತಂಪು ಮಾಡುತ್ತವೆ. ಕಾರುಗಳಲ್ಲಿ ಈ ಕೆಲಸವನ್ನು ನೀರು ಮಾಡುತ್ತದೆ. ಆ ನೀರನ್ನೂ ಕೊನೆಗೆ ತಂಪು ಮಾಡುವುದು ಗಾಳಿಯೇ ತಾನೇ, ನಡುವೆ ನೀರೇಕೆ ಎಂಬುದು ಅವರ ವಾದ. ಕೇಳಲು ಸರಿ ಎನಿಸುತ್ತದೆ. ಆದರೆ ಹೆಚ್ಚು ಶಕ್ತಿಯ ಎಂಜಿನ್ನಿನ ಎಲ್ಲ ಭಾಗಗಳನ್ನೂ ಸಮನಾಗಿ ತಣಿಸಲು ಗಾಳಿ ಸಾಲದು. ಹೊಗೆಯ ವಿಷವನ್ನು ಕಡಿಮೆ ಮಾಡಬೇಕಾದರೂ ಶಾಖ ಹಿಡಿತದಲ್ಲಿರಬೇಕು. 1968ರಲ್ಲಿ ಅವರ ಗಾಳಿ ತಂಪಿನ ರೇಸ್ ಕಾರು ಫ್ರಾನ್ಸಿನಲ್ಲಿ ಅಪಘಾತಕ್ಕೀಡಾಗಿ ಚಾಲಕ ಜೋ ಶ್ಲೆಸರ್ ತೀರಿಕೊಂಡರು. ಯುವ ಎಂಜಿನಿಯರುಗಳು ನೀರೇ ಬೇಕೆಂದು ಪಟ್ಟುಹಿಡಿದರು. ಫುಜಿಸಾವಾ ಕೂಡ ಅವರ ಪರ ಮಾತನಾಡಿದರು. ಕೊನೆಗೆ ಹೋಂಡಾ ಒಪ್ಪಿದರು.

ಹೀಗೆ 1972ರಲ್ಲಿ ಸಿವಿಕ್ ಬಂತು. ಮುಂದಿನ ವರ್ಷ ಅದಕ್ಕೆ ಕಡಿಮೆ ಹೊಗೆಯ ಹೊಸ ಎಂಜಿನ್ ಬಂತು. ಒಲೆ ಹಚ್ಚುವಾಗ ಅಮ್ಮ ಮೊದಲು ಒಣಗಿದ ತೆಂಗಿನ ಗರಿಗೆ ಬೆಂಕಿ ಹಚ್ಚಿ, ಅದರಿಂದ ಸೌದೆಗೆ ಹಿಡಿಸುತ್ತಾರಲ್ಲ, ಹಾಗೆಯೇ ಇದು. ಚಿಕ್ಕ ಕೋಣೆಯಲ್ಲಿ ಪೆಟ್ರೋಲ್ ಹೆಚ್ಚಿರುವ ಮಿಶ್ರಣ ಮೊದಲು ಉರಿದು, ದೊಡ್ಡ ಕೋಣೆಯ ತೆಳುವಾದ ಮಿಶ್ರಣಕ್ಕೆ ಬೆಂಕಿ ಹಿಡಿಸುತ್ತದೆ. ಅಮೆರಿಕದ ದೊಡ್ಡ ಕಂಪನಿಗಳು ಆಗುವುದೇ ಇಲ್ಲ ಎಂದಿದ್ದ ನಿಯಮವನ್ನು ಇದು ಪಾಲಿಸಿ ತೋರಿಸಿತು.

1973ರಲ್ಲಿ ಹೋಂಡಾ ನಿವೃತ್ತರಾದರು. ಆಮೇಲೆ ಊರೂರು ಸುತ್ತಿ ತಮ್ಮ ಕೆಲಸಗಾರರ ಕೈ ಕುಲುಕಿದರು. ಒಬ್ಬ ಕೈಗೆ ಎಣ್ಣೆ ಮೆತ್ತಿದೆ ಎಂದು ಹಿಂದೆ ಸರಿದಾಗ, ಅದೇ ಕೈ ಬೇಕೆಂದು ಹಿಡಿದುಕೊಂಡರು.

1991ರ ಆಗಸ್ಟ್ 5ರಂದು ಅವರು ತೀರಿಕೊಂಡರು. ಕಂಪನಿ ದೊಡ್ಡ ಶವಸಂಸ್ಕಾರ ಮಾಡಬಾರದೆಂದು ಮೊದಲೇ ಹೇಳಿಟ್ಟಿದ್ದರು. ಜನರೆಲ್ಲ ಕಾರಿನಲ್ಲಿ ಬಂದರೆ ರಸ್ತೆಯಲ್ಲಿ ವಾಹನ ಸಿಕ್ಕಿಕೊಂಡು ಇತರರಿಗೆ ತೊಂದರೆಯಾಗುತ್ತದೆ ಎಂಬುದು ಅವರ ಚಿಂತೆಯಾಗಿತ್ತು.