ಫಿರೋಜ್ ಷಾ ಬಹಮನಿ: ವಿದ್ವಾಂಸರಿಗಾಗಿ ಹಡಗು ಕಳಿಸಿದ ಕಲಬುರಗಿಯ ಸುಲ್ತಾನ

ವಿಜ್ಞಾನಿಗಳ ಸಮಾವೇಶವನ್ನು ತನ್ನ ಆವರಣದಲ್ಲಿ ನಡೆಸಿಕೊಡಲು ಮುಂದೆ ಬರುವ ವಿಶ್ವವಿದ್ಯಾಲಯ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ. ದೂರದಿಂದ ಬರುವವರಿಗೆ ದಾರಿ ಯಾವುದು, ಉಳಿದುಕೊಳ್ಳಲು ಜಾಗವೆಲ್ಲಿ, ಖರ್ಚು ಯಾರದು, ಮುಖ್ಯವಾಗಿ, ಬಂದವರು ಕೂಡಿ ಮಾಡುವ ಕೆಲಸವೇನು? ಜ್ಞಾನಗಂಗೆ ಆವರಣದ ಗುಲಬರ್ಗಾ ವಿಶ್ವವಿದ್ಯಾಲಯವೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಇರುವ ಕಲಬುರಗಿ ಸೀಮೆಗೆ ಈ ಪ್ರಶ್ನೆಗಳು ಹೊಸವಲ್ಲ. ಆರು ನೂರು ವರ್ಷಗಳ ಹಿಂದೆ ಇದೇ ನಗರದ ಅರಸನೊಬ್ಬ ಅವುಗಳಿಗೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದ್ದ. ಆತ ತಾಜುದ್ದೀನ್ ಫಿರೋಜ್ ಷಾ ಬಹಮನಿ. 1397ರಿಂದ 1422ರವರೆಗೆ ಕಲಬುರಗಿಯ ಕೋಟೆಯಿಂದ ದಖ್ಖನ್ನನ್ನು ಆಳಿದವನು.

ಸಿಂಹಾಸನ ಅವನಿಗೆ ಸುಲಭವಾಗಿ ಒದಗಲಿಲ್ಲ. 1397ರಲ್ಲಿ ಎರಡನೆಯ ಮುಹಮ್ಮದ್ ಷಾ ತೀರಿಕೊಂಡ ಮೇಲೆ ಆಸ್ಥಾನದ ಪ್ರಬಲ ತುರ್ಕಿ ಸರದಾರ ತಘಲ್ಚಿನ್, ಪಟ್ಟಕ್ಕೆ ಬಂದಿದ್ದ ಹದಿಹರೆಯದ ಗಿಯಾಸುದ್ದೀನನ ಕಣ್ಣು ಕೀಳಿಸಿ, ಅವನ ತಮ್ಮ ಶಂಸುದ್ದೀನನನ್ನು ಗೊಂಬೆಯಂತೆ ಕೂರಿಸಿದ. ಅರಮನೆಯ ಅಳಿಯಂದಿರಾದ ಫಿರೋಜ್ ಮತ್ತು ಅಹ್ಮದ್ ಸೋದರರು ಜೀವ ಉಳಿಸಿಕೊಳ್ಳಲು ಸಗರದ ಕೋಟೆಗೆ ಓಡಿದರು. ಇಂದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿರುವ ಸಗರವದು. ಅಲ್ಲಿಂದ ಬಲ ಕೂಡಿಸಿಕೊಂಡು ಮರಳಿದ ಫಿರೋಜ್ ಅದೇ ವರ್ಷದ ಕೊನೆಗೆ ಪಟ್ಟವೇರಿದ. ಜೊತೆಯಲ್ಲಿ ಓಡಿ ಜೊತೆಯಲ್ಲೇ ಗೆದ್ದ ತಮ್ಮ ಅಹ್ಮದನ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕತೆಯ ಕೊನೆಗೆ ಆತ ಮತ್ತೆ ಬರುತ್ತಾನೆ.

ಈ ಇಬ್ಬರು ರಾಜಕುಮಾರರಿಗೆ ಪಾಠ ಹೇಳಿದವನು ಶಿರಾಜಿನಿಂದ ಬಂದಿದ್ದ ಮೀರ್ ಫಜಲುಲ್ಲಾ ಇಂಜು. ತರ್ಕಶಾಸ್ತ್ರ ಮತ್ತು ವ್ಯಾಕರಣಗಳಲ್ಲಿ ಆ ಕಾಲದ ಇಸ್ಲಾಮಿ ಜಗತ್ತಿನ ದೊಡ್ಡ ಹೆಸರಾದ ತಫ್ತಾಜಾನಿಯ ಶಿಷ್ಯನೀತ. ಪರ್ಷಿಯಾದ ಮಹಾಕವಿ ಹಾಫಿಜನನ್ನು ಕಲಬುರಗಿಗೆ ಕರೆಸಲು ಹಿಂದಿನ ಸುಲ್ತಾನನ ಕಾಲದಲ್ಲಿ ದಾರಿಖರ್ಚು ಕಳಿಸಿದವನೂ ಇವನೇ ಎಂಬುದು ಚರಿತ್ರೆಕಾರರ ನಿರೂಪಣೆ. ಹಾಫಿಜ್ ಹೊರಮುಜ್ ಬಂದರಿನವರೆಗೆ ಬಂದನಂತೆ. ಬಿರುಗಾಳಿಗೆ ಸಿಕ್ಕ ಸಮುದ್ರವನ್ನು ಕಂಡು ಹಡಗನ್ನು ಬಿಟ್ಟು ಮರಳಿದನಂತೆ. ಆ ಅತಿಥಿ ತಪ್ಪಿಹೋದ. ಕರೆಯುವ ರೂಢಿ ಮಾತ್ರ ತಪ್ಪಲಿಲ್ಲ. ಗುರುವಾಗಿದ್ದ ಇಂಜು ಫಿರೋಜನ ಆಡಳಿತದಲ್ಲಿ ಪ್ರಧಾನಿಯಾದಾಗ ಅದು ರಾಜ್ಯದ ನೀತಿಯೇ ಆಯಿತು.

ಪ್ರತಿವರ್ಷ ಗೋವಾ ಮತ್ತು ಚೌಲ್ ರೇವುಗಳಿಂದ ಫಿರೋಜನ ಹಡಗುಗಳು ಹೊರಡುತ್ತಿದ್ದವು. ದೇಶದೇಶಗಳ ಅಪರೂಪದ ಸರಕನ್ನು ತರುವುದು ಅವುಗಳ ಒಂದು ಕೆಲಸವಾದರೆ, ವಿದ್ಯೆಯಲ್ಲಿ ಹೆಸರಾದವರನ್ನು ಆಹ್ವಾನಿಸಿ ಕರೆತರುವುದು ಇನ್ನೊಂದು. ಫಿರೋಜನಿಗೆ ಸುಮಾರು ಇನ್ನೂರು ವರ್ಷಗಳ ನಂತರ ಬಿಜಾಪುರದಲ್ಲಿ ಕುಳಿತು ಬರೆದ ಫರಿಶ್ತಾ ಇದನ್ನು ದಾಖಲಿಸಿದ್ದಾನೆ. ಅಷ್ಟು ತಡವಾಗಿ ಬರೆದವನ ಮಾತಿನಲ್ಲಿ ಬಣ್ಣ ಸೇರಿರಬಹುದಾದರೂ ಪರ್ಷಿಯಾ, ಅರಬಸ್ತಾನಗಳಿಂದ ಬಂದ ಜನ ಈ ಕಾಲದಲ್ಲಿ ಕಲಬುರಗಿಯಲ್ಲಿ ತುಂಬಿಕೊಂಡಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಕೋಟೆಯೊಳಗಿನ ಜಾಮಿ ಮಸೀದಿಯನ್ನು 1367ರಲ್ಲಿ ಕಟ್ಟಿದ ರಫೀ ಎಂಬವನ ಊರು ಇರಾನಿನ ಕಜ್ವೀನ್. ಅಂಗಳವೇ ಇಲ್ಲದೆ ಇಡಿಯಾಗಿ ಗುಮ್ಮಟಗಳಿಂದ ಮುಚ್ಚಿದ ಆ ಮಸೀದಿ ಈಗಲೂ ನೋಡಸಿಗುತ್ತದೆ.

ಬಂದವರನ್ನು ಸುಲ್ತಾನ ನಡೆಸಿಕೊಂಡ ಬಗೆ ಇನ್ನೂ ಕುತೂಹಲಕರ. ಹಗಲಿನ ರಾಜಕಾರ್ಯ ಮುಗಿದ ಮೇಲೆ ರಾತ್ರಿ ಅವನ ಸುತ್ತ ವಿದ್ವಾಂಸರು, ಕವಿಗಳು, ಕತೆಗಾರರು ಸೇರುತ್ತಿದ್ದರು. ಅಲ್ಲಿ ಆಸ್ಥಾನದ ಶಿಷ್ಟಾಚಾರಕ್ಕೆ ರಜೆ. ಬಂದವರು ತಮಗೆ ಬೇಕಾದಾಗ ಬರಬಹುದು, ಏಳಬಹುದು, ಅರಸನ ಮಾತನ್ನು ಅಲ್ಲಗಳೆಯಬಹುದು. ಇದ್ದದ್ದು ಎರಡೇ ಕಟ್ಟಳೆ: ರಾಜ್ಯದ ವ್ಯವಹಾರವನ್ನು ಅಲ್ಲಿ ಎತ್ತಕೂಡದು, ಎದುರಿಗಿಲ್ಲದವರ ಬಗ್ಗೆ ಕೆಟ್ಟದ್ದು ಆಡಕೂಡದು. ಇಂದಿನ ವಿಚಾರ ಸಂಕಿರಣಗಳ ಚಹಾ ವಿರಾಮದಲ್ಲಿ ಈ ಎರಡನೆಯ ಕಟ್ಟಳೆ ಜಾರಿಗೆ ಬಂದರೆ ಎಷ್ಟು ಮಂದಿ ಬಾಯಿ ತೆರೆದಾರು ಎಂಬುದು ಬೇರೆ ಮಾತು.

ಫಿರೋಜ್ ಬರಿಯ ಪೋಷಕನಾಗಿರಲಿಲ್ಲ. ಶನಿವಾರ, ಸೋಮವಾರ ಮತ್ತು ಗುರುವಾರ ತಾನೇ ಪಾಠ ಹೇಳುತ್ತಿದ್ದ. ಯೂಕ್ಲಿಡನ ಜ್ಯಾಮಿತಿ, ಖಗೋಳ, ತರ್ಕ ಅವನ ವಿಷಯಗಳು. ಹಗಲು ಬಿಡುವಾಗದಿದ್ದರೆ ಪಾಠ ರಾತ್ರಿಗೆ ಮುಂದೂಡಲ್ಪಡುತ್ತಿತ್ತೇ ಹೊರತು ರದ್ದಾಗುತ್ತಿರಲಿಲ್ಲ. ಹಲವು ಭಾಷೆಗಳನ್ನು ಬಲ್ಲವನೆಂಬ ಖ್ಯಾತಿಯಿತ್ತು. ಅಂತಃಪುರದಲ್ಲಿದ್ದ ನಾನಾ ದೇಶದ ಸ್ತ್ರೀಯರೊಡನೆ ಅವರವರ ನುಡಿಯಲ್ಲೇ ಮಾತನಾಡುತ್ತಿದ್ದನೆಂದು ಬರೆಯುವಾಗ ಫರಿಶ್ತಾನಿಗೆ ಬೆರಗೂ ಇದೆ, ತುಸು ತುಂಟತನವೂ ಇದೆ. ಸುಲ್ತಾನ ಸ್ವತಃ ಕುರಾನನ್ನು ಪ್ರತಿ ಮಾಡುತ್ತಿದ್ದ, ಕಾವ್ಯನಾಮ ಇಟ್ಟುಕೊಂಡು ಕವಿತೆಯನ್ನೂ ಬರೆಯುತ್ತಿದ್ದ. ಜೊತೆಗೆ ಮದ್ಯ ಮತ್ತು ಸಂಗೀತದ ಮೋಹವನ್ನು ಬಿಡಲಾಗಲಿಲ್ಲವೆಂಬುದನ್ನೂ ಚರಿತ್ರೆ ಮುಚ್ಚಿಟ್ಟಿಲ್ಲ. ಆಡಳಿತದಲ್ಲಿ ಬ್ರಾಹ್ಮಣರಿಗೆ ದೊಡ್ಡ ಸಂಖ್ಯೆಯಲ್ಲಿ ಸ್ಥಾನ ಕೊಟ್ಟದ್ದು ಅವನ ಕಾಲದ ಇನ್ನೊಂದು ವಿಶೇಷ.

ಕಲಬುರಗಿಯಿಂದ ದಕ್ಷಿಣಕ್ಕೆ ಭೀಮಾ ನದಿಯ ದಂಡೆಯಲ್ಲಿ ಅವನು 1400ರ ಸುಮಾರಿಗೆ ಕಟ್ಟಿಸತೊಡಗಿದ ಫಿರೋಜಾಬಾದ್ ಅರಮನೆಯ ನಗರ. ದಪ್ಪ ಕಲ್ಲಿನ ಗೋಡೆ, ವಿಶಾಲವಾದ ಮಸೀದಿ, ಗುಮ್ಮಟದ ಸ್ನಾನಗೃಹಗಳ ಅವಶೇಷ ಇಂದಿಗೂ ಅಲ್ಲಿವೆ. ಅವುಗಳ ನಡುವೆ ಒಂದು ಹಳ್ಳಿಯೂ ಹೊಲಗಳೂ ಇವೆ.

ವಿದ್ಯೆಯ ಈ ಖರ್ಚಿಗೆಲ್ಲ ಹಣ ಬರಬೇಕಾದ ನೆಲ ಯುದ್ಧದ ನೆಲವೂ ಆಗಿತ್ತು. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿಗಾಗಿ ವಿಜಯನಗರದೊಡನೆ ಕಾದಾಟ ಮುಗಿಯುವಂತೆಯೇ ಇರಲಿಲ್ಲ. 1406ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ದೇವರಾಯನೊಂದಿಗೆ ಫಿರೋಜ್ ಕಾದಿ, ಕೊನೆಗೆ ಸಂಧಿ ಮಾಡಿಕೊಂಡ. ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳಿಗಾಗಿ ಈ ಯುದ್ಧ ಹೊತ್ತಿಕೊಂಡಿತೆಂದು ಫರಿಶ್ತಾ ಹೇಳುವ ಕತೆ ಕೇಳಲು ಚೆಂದ; ದೋಆಬಿನ ಫಲವತ್ತಾದ ಮಣ್ಣು ಅದಕ್ಕಿಂತ ಗಟ್ಟಿಯಾದ ಕಾರಣ. ಸಂಧಿಯ ಪ್ರಕಾರ ದೇವರಾಯನ ಮಗಳು ಫಿರೋಜನ ಕೈಹಿಡಿದಳು, ಬಂಕಾಪುರ ಬಹಮನಿಗಳ ಪಾಲಾಯಿತು. ಮದುವೆಗೆಂದು ವಿಜಯನಗರಕ್ಕೆ ಹೋದ ಸುಲ್ತಾನನನ್ನು ಬೀಳ್ಕೊಡುವಾಗ ದೇವರಾಯ ಅರ್ಧ ದಾರಿಯಲ್ಲೇ ಮರಳಿದ್ದು ಅವಮಾನವೆನಿಸಿ, ನೆಂಟಸ್ತಿಕೆ ಮನಸ್ತಾಪದೊಂದಿಗೇ ಆರಂಭವಾಯಿತು.

ಈ ಬಿಡುವಿನಲ್ಲೇ, 1407ರಲ್ಲಿ, ಫಿರೋಜ್ ತನ್ನ ಬದುಕಿನ ದೊಡ್ಡ ವೈಜ್ಞಾನಿಕ ಕಾರ್ಯಕ್ಕೆ ಕೈಹಾಕಿದ. ದೌಲತಾಬಾದಿನ ಬಳಿಯ ಬೆಟ್ಟದ ಮೇಲೆ ಖಗೋಳ ವೀಕ್ಷಣಾಲಯವೊಂದನ್ನು ಕಟ್ಟಲು ಆಜ್ಞೆಯಾಯಿತು. ಹೊಣೆ ಹೊತ್ತವರು ಹಕೀಮ್ ಹಸನ್ ಗೀಲಾನಿ ಮತ್ತು ಸಯ್ಯದ್ ಮುಹಮ್ಮದ್ ಕಾಜರೂನಿ. ಹೆಸರೇ ಹೇಳುವಂತೆ ಒಬ್ಬನದು ಕ್ಯಾಸ್ಪಿಯನ್ ಕಡಲ ತೀರದ ಗೀಲಾನ್, ಇನ್ನೊಬ್ಬನದು ಶಿರಾಜಿನ ಹತ್ತಿರದ ಕಾಜರೂನ್. ಹಡಗುಗಳು ತಂದ ಆಹ್ವಾನಿತರಿಗೆ ಕೂಡಿ ಮಾಡುವ ಕೆಲಸವೊಂದು ಇಲ್ಲಿ ಸಿಕ್ಕಿತ್ತು.

ಬರಿಗಣ್ಣಿನ ಕಾಲದ ವೀಕ್ಷಣಾಲಯವೆಂದರೆ ಒಂದು ದಿನದ ಕೆಲಸವಲ್ಲ. ದುರ್ಬೀನು ಬರಲು ಇನ್ನೂ ಎರಡು ಶತಮಾನ ಬಾಕಿಯಿದ್ದ ಆ ಹೊತ್ತಿನಲ್ಲಿ ಗ್ರಹಗಳ ಸ್ಥಾನವನ್ನು ಕರಾರುವಾಕ್ಕಾಗಿ ಅಳೆಯಬೇಕಾದರೆ ಅಳೆಯುವ ಸಾಧನವೇ ದೊಡ್ಡದಿರಬೇಕು. ಅದಕ್ಕೆ ಅಲುಗದ ಕಲ್ಲಿನ ಅಡಿಪಾಯ ಬೇಕು. ಸಾಧನ ನಿಂತ ಮೇಲೆ ವರ್ಷಗಟ್ಟಲೆ ಪ್ರತಿ ರಾತ್ರಿ ಅಳೆದು, ಬರೆದು, ಲೆಕ್ಕ ಹಾಕಿದರಷ್ಟೇ ಹೊಸ ಗ್ರಹಕೋಷ್ಟಕ ಸಿದ್ಧವಾಗುತ್ತದೆ. ಶನಿಗ್ರಹ ಒಂದು ಸುತ್ತು ಬರಲು ಸುಮಾರು 29 ವರ್ಷ ಬೇಕು. ಅಂಥ ಕೆಲಸಕ್ಕೆ ಅರಸನ ಆಯುಸ್ಸಿಗಿಂತ ಉದ್ದವಾದ ವ್ಯವಸ್ಥೆ ಬೇಕಾಗುತ್ತದೆ. ದೌಲತಾಬಾದಿನಲ್ಲಿ ಅರಸ ಬದುಕಿದ್ದಾಗಲೇ ಕೆಲಸ ನಿಂತಿತು: ಹಕೀಮ್ ಹಸನ್ ತೀರಿಕೊಂಡ, ವೀಕ್ಷಣಾಲಯ ಅರ್ಧಕ್ಕೇ ಉಳಿಯಿತು. ಸಮರಕಂದದಲ್ಲಿ ಉಲುಗ್ ಬೇಗನ ಪ್ರಸಿದ್ಧ ವೀಕ್ಷಣಾಲಯ ಎದ್ದದ್ದು ಇದಾದ ಒಂದೂವರೆ ದಶಕದ ಮೇಲೆ, 1420ರ ದಶಕದಲ್ಲಿ. ಭಾರತದಲ್ಲಿ ಜಯಸಿಂಹನ ಜಂತರ್ ಮಂತರ್‌ಗಳಿಗೆ ಹದಿನೆಂಟನೆಯ ಶತಮಾನದವರೆಗೆ ಕಾಯಬೇಕಾಯಿತು. ದೌಲತಾಬಾದಿನ ಕೆಲಸ ಪೂರ್ಣಗೊಂಡಿದ್ದರೆ ಖಗೋಳದ ಚರಿತ್ರೆಯಲ್ಲಿ ಕಲಬುರಗಿಯ ಹೆಸರು ಸಮರಕಂದಕ್ಕಿಂತ ಮೊದಲು ಬರುತ್ತಿತ್ತು.

ಫಿರೋಜನ ಆಹ್ವಾನಿತರಲ್ಲಿ ಎಲ್ಲರೂ ಅವನ ಅಭಿರುಚಿಗೆ ಒಗ್ಗಿದವರಲ್ಲ. ತೈಮೂರನ ದಾಳಿಯ ಹೊತ್ತಿನಲ್ಲಿ ದೆಹಲಿಯನ್ನು ಬಿಟ್ಟು ಬಂದ ವೃದ್ಧ ಸೂಫಿ ಹಜರತ್ ಖಾಜಾ ಬಂದೇನವಾಜ್ ಗೇಸುದರಾಜರನ್ನು ಸುಲ್ತಾನ ಗೌರವದಿಂದ ಬರಮಾಡಿಕೊಂಡ. ಆದರೆ ತರ್ಕ, ಜ್ಯಾಮಿತಿಗಳಲ್ಲಿ ಮುಳುಗಿದ ಅರಸನಿಗೂ ಅನುಭಾವದ ಗುರುವಿಗೂ ಹೊಂದಿಕೆ ಬಹುಕಾಲ ಉಳಿಯಲಿಲ್ಲ. ಜನ ಮಾತ್ರ ಗುರುವಿನ ಕಡೆ ಹರಿದರು. ಸುಲ್ತಾನನ ತಮ್ಮ ಅಹ್ಮದನೂ ಅತ್ತಲೇ ಬಾಗಿದ. ಫಿರೋಜ್ ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿಯೆಂದು ಘೋಷಿಸಿ ಆಶೀರ್ವಾದ ಬೇಡಿದಾಗ, ಪಟ್ಟ ಅಹ್ಮದನಿಗೆಂದು ವಿಧಿ ನಿಶ್ಚಯಿಸಿದೆಯೆಂಬ ಅರ್ಥದ ಉತ್ತರ ಬಂತೆಂದು ಹೇಳಲಾಗುತ್ತದೆ. ಕೋಟೆಯ ಸಮೀಪ ಜನಜಂಗುಳಿ ಹೆಚ್ಚಿತೆಂಬ ನೆಪದಲ್ಲಿ ಖಾಜಾ ಅವರ ಖಾನಖಾ ಊರಾಚೆಗೆ ಹೋಯಿತು. ಇಂದು ಲಕ್ಷಾಂತರ ಭಕ್ತರು ಬರುವ ದರ್ಗಾ ಇರುವುದು ಆ ಎಡೆಯಲ್ಲೇ.

1417ರ ನಂತರದ ಪಾನಗಲ್ ಮುತ್ತಿಗೆ ಎಲ್ಲವನ್ನೂ ಕೆಡಿಸಿತು. ಇಂದಿನ ತೆಲಂಗಾಣದಲ್ಲಿರುವ ಆ ಕೋಟೆಯ ಮುಂದೆ ಎರಡು ವರ್ಷ ಬೀಡುಬಿಟ್ಟ ಸೈನ್ಯಕ್ಕೆ ಸಾಂಕ್ರಾಮಿಕ ರೋಗ ತಗುಲಿತು. ದೇವರಾಯನ ಪಡೆ ಬಂದೆರಗಿದಾಗ ಬಹಮನಿಗಳು ದಿಕ್ಕಾಪಾಲಾದರು. ಗುರು, ಪ್ರಧಾನಿ, ವಿದ್ವಾಂಸರ ಕೂಟದ ನಡುಗಂಬ ಎಲ್ಲವೂ ಆಗಿದ್ದ ಮೀರ್ ಫಜಲುಲ್ಲಾ ಇಂಜು ಆ ಕಾಳಗದಲ್ಲಿ ಕೊಲೆಯಾದ. ಸೋತು ಬಂದ ಫಿರೋಜ್ ಮತ್ತೆ ಚೇತರಿಸಿಕೊಳ್ಳಲಿಲ್ಲ. ದೇಹವೂ ಆಡಳಿತವೂ ಕುಸಿದವು.

1422ರಲ್ಲಿ, ತನ್ನನ್ನು ಕುರುಡನನ್ನಾಗಿಸುವ ಸಂಚಿನ ಸುಳಿವು ಸಿಕ್ಕ ಅಹ್ಮದ್ ಕಲಬುರಗಿಯಿಂದ ಪಾರಾದ. ಅವನಿಗೆ ಬೆನ್ನೆಲುಬಾಗಿ ನಿಂತವನು ಬಸ್ರಾದಿಂದ ಬಂದಿದ್ದ ವರ್ತಕ ಖಲಫ್ ಹಸನ್. ಕಡಲಾಚೆಯಿಂದ ಬಂದವರಿಗೆ ಬಾಗಿಲು ತೆರೆದಿದ್ದ ಅರಸನ ವಿರುದ್ಧ ಕೊನೆಗೆ ನಿಂತವನೂ ಕಡಲಾಚೆಯವನೇ. ಪಲ್ಲಕ್ಕಿಯಲ್ಲಿ ರಣರಂಗಕ್ಕೆ ಬಂದ ರೋಗಿ ಸುಲ್ತಾನ ಮೂರ್ಛೆ ಹೋದಾಗ ಸತ್ತನೆಂಬ ಸುದ್ದಿ ಹಬ್ಬಿ ಸೈನ್ಯ ಚದುರಿತು. ಫಿರೋಜ್ ಕೋಟೆಯ ಬಾಗಿಲು ತೆರೆಸಿ, ತಮ್ಮನನ್ನು ಕರೆದು ರಾಜ್ಯವನ್ನೂ ಮಗನನ್ನೂ ಅವನ ಕೈಗೊಪ್ಪಿಸಿದ. ಕೆಲವೇ ದಿನಗಳಲ್ಲಿ ಕಣ್ಣುಮುಚ್ಚಿದ. ಅದು ಸಹಜ ಮರಣವಲ್ಲವೆಂಬ ಮಾತೂ ಚರಿತ್ರೆಯಲ್ಲಿದೆ. ಅದೇ ವರ್ಷದ ನವೆಂಬರಿನಲ್ಲಿ ಖಾಜಾ ಬಂದೇನವಾಜರೂ ತೀರಿಕೊಂಡರು.

ಅಹ್ಮದ್ ಷಾ ಕೆಲ ವರ್ಷಗಳಲ್ಲೇ ರಾಜಧಾನಿಯನ್ನು ಬೀದರಿಗೆ ಒಯ್ದ. ಇಂದು ಕಲಬುರಗಿಯಿಂದ ಬೀದರಿನ ಬಸ್ಸು ಹತ್ತಿದವರು ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ದಾಟಿ ಹುಮನಾಬಾದಿನ ಮೇಲೆ ಹೋಗುತ್ತಾರೆ. ಆ ದಿಕ್ಕಿಗೆ ದರ್ಬಾರಿನೊಂದಿಗೆ ವಿದ್ಯೆಯೂ ಹೊರಟುಹೋಯಿತು. ಗೀಲಾನಿನಿಂದಲೇ ಬಂದ ಮಹಮೂದ್ ಗಾವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದಾಗ ಪಾಠದ ಕೋಣೆ, ವಾಸದ ಕೊಠಡಿ, ಗ್ರಂಥಾಲಯ ಒಂದೇ ಆವರಣದೊಳಗೆ ಬಂದವು. ಫಿರೋಜನ ಕೂಟಕ್ಕೆ ಅಂಥ ಕಟ್ಟಡವಿರಲಿಲ್ಲ. ಅದು ಅರಸನಿದ್ದೆಡೆ ಸೇರಿ ಅರಸನೊಡನೆ ಚದುರಿತು.

ಕಲಬುರಗಿಯ ಪೂರ್ವಕ್ಕೆ, ದರ್ಗಾದ ದಾರಿಯಲ್ಲಿ, ಹಫ್ತ್ ಗುಂಬದ್ ಎಂದು ಕರೆಯುವ ಗೋರಿಗಳ ಗುಂಪಿದೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಎರಡು ಗುಮ್ಮಟಗಳದು, ಫಿರೋಜ್ ಷಾನದು. ಒಳಗಿನ ಗೋಡೆ ಕಮಾನುಗಳ ಮೇಲೆ ಗಾರೆಯ ಸೂಕ್ಷ್ಮ ಕೆಲಸ ಇನ್ನೂ ಉಳಿದಿದೆ.