ನಿಃಶಲ್ಯ ವ್ರತದ ನೃಪತಿ: ಗಂಗ ಮಾರಸಿಂಹ

ವ್ರತಧಾರಿಯಾದವನು ಶಲ್ಯರಹಿತನಾಗಿರಬೇಕೆಂಬುದು ಜಿನಾಗಮದ ಆಜ್ಞೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಿದಾನವು ಬಹು ಸೂಕ್ಷ್ಮವಾದುದು. ಕೈಗೊಂಡ ವ್ರತಕ್ಕೆ ಪ್ರತಿಫಲವಾಗಿ ಭೋಗೈಶ್ವರ್ಯಗಳನ್ನು ಬಯಸುವುದೇ ನಿದಾನ. ಬಯಸಿದುದು ದೊರೆಯಲಿಲ್ಲವೆಂದು ದುಃಖಿಸುವವರು ಬಹಳ; ದೊರೆತುದಕ್ಕೆ ತೆತ್ತ ಬೆಲೆಯನ್ನು ಎಣಿಸುವವರು ವಿರಳ. ಈ ಎರಡನ್ನೂ ತಿಳಿಯಲು ಇಮ್ಮಡಿ ಮಾರಸಿಂಹನ ಜೀವನಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಮಾರಸಿಂಹನು ಗಂಗವಾಡಿಯ ಅರಸನಾದುದು ಕ್ರಿ. ಶ. 963ರ ಸುಮಾರಿಗೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ಅವನು ಉತ್ತರದೇಶದಲ್ಲಿ ಕಾದಿದನು. ನೊಳಂಬರನ್ನು ಗೆದ್ದು ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಅವನ ವಿಜಯಗಳನ್ನೂ, ಅವನು ಕಟ್ಟಿಸಿದ ಬಸದಿ ಮಾನಸ್ತಂಭಗಳನ್ನೂ ಕೊಂಡಾಡುತ್ತದೆ.

967ರಲ್ಲಿ ಕೃಷ್ಣನು ತೀರಿಕೊಂಡನು. 972ರಲ್ಲಿ ಪರಮಾರ ಸೀಯಕನು ರಾಜಧಾನಿ ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ಚಾಲುಕ್ಯ ತೈಲಪನು ಎರಡನೆಯ ಕರ್ಕನನ್ನು ಸೋಲಿಸಿ ಸಾಮ್ರಾಜ್ಯವನ್ನು ವಶಮಾಡಿಕೊಂಡನು. ಅಳಿದ ವಂಶವನ್ನು ಮತ್ತೆ ನಿಲ್ಲಿಸಬೇಕೆಂಬುದೊಂದೇ ಆಗ ಮಾರಸಿಂಹನ ಬಯಕೆ. ಕೃಷ್ಣನ ಮೊಮ್ಮಗನೂ ತನ್ನ ಸೋದರಳಿಯನೂ ಆದ ಇಂದ್ರನಿಗೆ ಅವನು ಪಟ್ಟಬಂಧೋತ್ಸವವನ್ನು ನೆರವೇರಿಸಿದನು.

ಬಯಕೆಯೇನೋ ಈಡೇರಿತು. ಆದರೆ ಪಟ್ಟ ದೊರೆತ ಮಾತ್ರಕ್ಕೆ ರಾಜ್ಯ ದೊರೆಯಲಿಲ್ಲ. ತೈಲಪನ ಪ್ರಾಬಲ್ಯವು ದಿನದಿನಕ್ಕೆ ಬೆಳೆಯಿತು. ಒಬ್ಬೊಬ್ಬರಾಗಿ ಸಾಮಂತರು ಅವನತ್ತ ಸರಿದರು. ನಮ್ಮ ನೇಸರಗಿ, ಸವದತ್ತಿಗಳ ರಟ್ಟರು ಮೊದಲು ರಾಷ್ಟ್ರಕೂಟರ ಸಾಮಂತರೇ. 980ರ ವೇಳೆಗೆ ಸವದತ್ತಿಯ ಶಾಂತಿವರ್ಮನು ತೈಲಪನ ಅಧೀನನಾಗಿದ್ದನು. ಆ ವರ್ಷವೇ ಅವನು ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿಯನ್ನು ದಾನವಿತ್ತನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಮಾರಸಿಂಹನು ಉಳಿಸಬಯಸಿದ ಸಿಂಹಾಸನ ಉರುಳಿತು. ಉಳಿಯಬೇಕಾದ ಧರ್ಮವು ಅದರ ಹಂಗಿಲ್ಲದೆಯೇ ಉಳಿಯಿತು.

ಇತ್ತ ಮಾರಸಿಂಹನು ರಾಜ್ಯವನ್ನು ತ್ಯಜಿಸಿದನು. ಒಂದು ವರ್ಷದ ಬಳಿಕ, ಶಕ 896ರಲ್ಲಿ, ಎಂದರೆ 974ರಲ್ಲಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಶ್ರೀಪಾದ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವನ್ನಾಚರಿಸಿ ಸಮಾಧಿಯನ್ನು ಹೊಂದಿದನು. ಸಲ್ಲೇಖನಕ್ಕೆ ಐದು ಅತಿಚಾರಗಳಿವೆ: ಇನ್ನೂ ಬದುಕಬೇಕೆಂಬಾಸೆ, ಬೇಗ ಸಾಯಬೇಕೆಂಬಾಸೆ, ಮಿತ್ರಾನುರಾಗ, ಹಿಂದೆ ಉಂಡ ಸುಖದ ಸ್ಮರಣೆ, ಕೊನೆಯದಾಗಿ ನಿದಾನ. ಅನೇಕ ಯುದ್ಧಗಳನ್ನು ಗೆದ್ದವನಿಗೆ ಮರುಭವದಲ್ಲಾದರೂ ಆ ಸಾಮ್ರಾಜ್ಯ ದೊರೆಯಲೆಂದು ಬಯಸುವುದು ಎಷ್ಟು ಸುಲಭ! ಹಾಗೆ ಬಯಸಿದ್ದರೆ ಮೂರು ದಿನಗಳ ತಪಸ್ಸು ಒಂದು ಸಿಂಹಾಸನಕ್ಕೆ ಮಾರಾಟವಾಗುತ್ತಿತ್ತು. ಅದರ ಹಿಂದೆಯೇ ಮತ್ತೆ ಯುದ್ಧ, ಮತ್ತೆ ಹಿಂಸೆ, ಮತ್ತೆ ಕರ್ಮಬಂಧ. ಅದನ್ನು ಬೇಡದಿರುವುದೇ ಆ ವ್ರತದ ನಿಯಮ.

ಪಟ್ಟವನ್ನು ಪಡೆದ ಇಂದ್ರನ ಗತಿಯೂ ಅದೇ ಆಯಿತು. ಕಂದುಕಕ್ರೀಡೆಯಲ್ಲಿ ಅಪ್ರತಿಮನೆಂದು ಶಾಸನ ಹೊಗಳುವ ಆ ಕುಮಾರನು 982ರ ಮಾರ್ಚ್‌ನಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಗೊಮ್ಮಟೇಶ್ವರನ ಪ್ರತಿಷ್ಠೆಯಾಗಿ ಆಗ ಹೆಚ್ಚು ಕಾಲ ಕಳೆದಿರಲಿಲ್ಲ. ಆ ಬಿಂಬವನ್ನು ಮಾಡಿಸಿದ ಚಾವುಂಡರಾಯನು ಮಾರಸಿಂಹನ ಸೇವೆಯಲ್ಲಿಯೂ ಇದ್ದವನು. ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲಿಯೇ ತೊರೆದ ಬಾಹುಬಲಿಯ ಬಿಂಬವದು.

ಇಂದಿನ ಶ್ರಾವಕ ಶ್ರಾವಿಕೆಯರಿಗೆ ಸಾಮ್ರಾಜ್ಯದ ಆಸೆಯಿಲ್ಲ. ಆದರೆ ಅಷ್ಟಾಹ್ನಿಕದ ಉಪವಾಸ ಮಾಡುವಾಗ ಮಗಳ ವಿವಾಹ, ಅನಂತ ಚತುರ್ದಶಿಯಂದು ಮಗನ ನೌಕರಿ, ದಶಲಕ್ಷಣ ಪರ್ವದಲ್ಲಿ ವ್ಯಾಪಾರದ ಲಾಭ ಮನಸ್ಸಿನೊಳಗೆ ಸುಳಿಯದೆ ಇರುವುದಿಲ್ಲ. ಅವುಗಳಿಗಾಗಿ ಗೃಹಸ್ಥನು ನ್ಯಾಯವಾಗಿ ದುಡಿಯಲಿ. ಅದು ಅವನ ಕರ್ತವ್ಯ. ಉಪವಾಸವನ್ನು ಮಾತ್ರ ಅವುಗಳ ಬೆಲೆಯಾಗಿ ತೆರದಿರಲಿ. ರತ್ನವನ್ನು ಕೊಟ್ಟು ಗಾಜನ್ನು ಕೊಂಡವನಿಗೆ ಕೇಳಿದ್ದು ದೊರೆಯುತ್ತದೆ. ದೊರೆತುದೇ ಅವನ ನಷ್ಟ. ಪಾರಣೆಯ ಮುನ್ನ ಒಂದು ಗಳಿಗೆ ಮಾರಸಿಂಹನನ್ನು ನೆನೆದು, ಏನನ್ನೂ ಬೇಡದೆ ಕೈಮುಗಿಯುವವರ ವ್ರತವು ಸಫಲವಾದುದು.